ನಕ್ಷೆಯ ಹಳದಿ ಭಾಗ

ಅಮೆರಿಕದ ಯೂಟಾ ರಾಜ್ಯದಲ್ಲಿ ಮೋವಾಬ್ ಎಂಬ ಸಣ್ಣ ಊರಿದೆ. ಅಲ್ಲಿಗೆ ಹೋದವರೆಲ್ಲ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ. ಬೆಳಗಾಗುತ್ತಲೇ ಆರ್ಚಸ್ ನ್ಯಾಷನಲ್ ಪಾರ್ಕಿನ ಗೇಟಿನ ಮುಂದೆ ಕಾರಿನ ಸಾಲು ಹಿಡಿಯುವುದು, ಡೆಲಿಕೇಟ್ ಆರ್ಚ್ ಎದುರು ಫೋಟೊ ತೆಗೆಸಿಕೊಳ್ಳುವುದು, ಮಧ್ಯಾಹ್ನ ಬಿಸಿಲಿಗೆ ಬಸವಳಿದು ಹೋಟೆಲಿಗೆ ಮರಳುವುದು. ಮೊದಲ ಸಲ ನಾವೂ ಹಾಗೇ ಮಾಡಿದೆವು. ತಪ್ಪೇನಿಲ್ಲ, ಆ ಕಮಾನು ನೋಡುವಂಥದ್ದೇ. ಆದರೆ ಅದೇ ಕೆಂಪು ಕಲ್ಲು, ಅದೇ ಕಣಿವೆ, ಅದೇ ಆಕಾಶ ಗೇಟಿನ ಹೊರಗೂ ಬೇಕಾದಷ್ಟಿದೆ. ಅಲ್ಲಿ ಸಾಲೂ ಇಲ್ಲ, ಹೆಚ್ಚಿನ ಕಡೆ ಟಿಕೆಟ್ಟೂ ಇಲ್ಲ. ಅದನ್ನು ಹುಡುಕಲು ಒಂದೇ ಒಂದು ವಿಷಯ ಗೊತ್ತಿದ್ದರೆ ಸಾಕು: ಭೂಮಿಯ ಒಡೆತನ ತೋರಿಸುವ ನಕ್ಷೆಯಲ್ಲಿ ಹಳದಿ ಬಣ್ಣ ಎಲ್ಲಿದೆ ಎಂದು ನೋಡುವುದು.

ಆ ನಕ್ಷೆಗಳಲ್ಲಿ ಹಸಿರೆಂದರೆ ಫಾರೆಸ್ಟ್ ಸರ್ವಿಸ್, ಕಿತ್ತಳೆಯೆಂದರೆ ಮೂಲನಿವಾಸಿಗಳ ನೆಲ, ನೀಲಿಯೆಂದರೆ ರಾಜ್ಯದ ಟ್ರಸ್ಟ್ ಭೂಮಿ, ಬಿಳಿಯೆಂದರೆ ಖಾಸಗಿ. ಹಳದಿಯೆಂದರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಬಿಎಲ್‌ಎಂ. ನಮ್ಮೂರಿನವರಿಗೆ ನಾನಿದನ್ನು ವಿವರಿಸುವುದು ಒಂದೇ ಮಾತಿನಲ್ಲಿ: ಸರಕಾರಿ ಗೋಮಾಳ. ಹೋಲಿಕೆ ತೀರ ದೂರದ್ದಲ್ಲ. ಈ ಇಲಾಖೆ 1946ರಲ್ಲಿ ಹುಟ್ಟಿದ್ದೇ ದನ ಮೇಯಿಸುವ ಭೂಮಿ ನೋಡಿಕೊಳ್ಳುತ್ತಿದ್ದ ಗ್ರೇಜಿಂಗ್ ಸರ್ವಿಸನ್ನೂ ಹಳೆಯ ಜನರಲ್ ಲ್ಯಾಂಡ್ ಆಫೀಸನ್ನೂ ಒಂದುಗೂಡಿಸಿ. ಇವತ್ತಿಗೂ ಅಲ್ಲಿ ಪರವಾನಗಿ ಪಡೆದವರ ದನ ಮೇಯುತ್ತವೆ, ದಾರಿಯಲ್ಲಿ ದನದ ಗೇಟು ಸಿಗುತ್ತದೆ. ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಈ ಗೋಮಾಳದ ಅಳತೆ ಮಾತ್ರ ನಮ್ಮ ಊಹೆ ಮೀರಿದ್ದು. ದೇಶದಲ್ಲಿ ಒಟ್ಟು ಸುಮಾರು 24.5 ಕೋಟಿ ಎಕರೆ, ಅಂದರೆ ಐದು ಕರ್ನಾಟಕ. ಯೂಟಾ ಒಂದರಲ್ಲೇ ಸುಮಾರು 2.3 ಕೋಟಿ ಎಕರೆ.

ಗೇಟಿಲ್ಲದ್ದು ಎಷ್ಟು ಅನುಕೂಲವೋ ಅಷ್ಟೇ ತಾಪತ್ರಯ. ನ್ಯಾಷನಲ್ ಪಾರ್ಕಿನಲ್ಲಿ ನೀರಿನ ನಲ್ಲಿ, ಶೌಚಾಲಯ, ಎಚ್ಚರಿಕೆಯ ಫಲಕ ಎಲ್ಲ ಇರುತ್ತವೆ, ರೇಂಜರ್ ಇರುತ್ತಾರೆ. ಹಳದಿ ನೆಲದಲ್ಲಿ ಇವುಗಳಲ್ಲಿ ಒಂದೂ ಇಲ್ಲದಿರಬಹುದು, ಫೋನಿಗೆ ಸಿಗ್ನಲ್ ಕೂಡ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಅರ್ಧ ಎಲ್ಲಿ ಹೋಗಬೇಕೆಂಬುದು, ಇನ್ನರ್ಧ ಹೇಗೆ ವಾಪಸ್ ಬರಬೇಕೆಂಬುದು.

ಮೊದಲು ಕಾಲದ ಮಾತು. ಅಮೆರಿಕದಲ್ಲಿ ನೆಲೆಸಿದ ನಮ್ಮಂಥವರ ಅಪ್ಪ ಅಮ್ಮ ಊರಿಂದ ಬರುವುದು ಸಾಮಾನ್ಯವಾಗಿ ಮಕ್ಕಳ ಶಾಲೆಗೆ ರಜೆ ಇರುವ ಜೂನ್, ಜುಲೈನಲ್ಲಿ. ಮರಳುಗಾಡಿಗೆ ಹೋಗಬಾರದ ತಿಂಗಳೂ ಅವೇ. ಮೋವಾಬ್ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದ್ದರೂ ಬೇಸಿಗೆಯಲ್ಲಿ 38 ಡಿಗ್ರಿ ದಾಟುವುದು ಮಾಮೂಲು, ಮೇಲಾಗಿ ಬಂಡೆಯ ಕಾವು ಬೇರೆ. ಮಾರ್ಚ್ ನಡುವಿನಿಂದ ಮೇ ತನಕ ಅಥವಾ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ತನಕ ಹೋಗಿ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಸೂರ್ಯ ಹುಟ್ಟುವ ಮುಂಚೆ ನಡೆಯಲು ಶುರುಮಾಡಿ, ಹತ್ತು ಗಂಟೆಯೊಳಗೆ ಕಾರಿಗೆ ಮರಳಿ. ಸಾಲ್ಟ್ ಲೇಕ್ ಸಿಟಿಯಿಂದ ಮೋವಾಬಿಗೆ ಸುಮಾರು 380 ಕಿಲೋಮೀಟರ್, ನಾಲ್ಕು ತಾಸಿನ ದಾರಿ. ಲಾಸ್ ವೇಗಸ್‌ನಿಂದಾದರೆ ಹೆಚ್ಚುಕಡಿಮೆ ಇಡೀ ದಿನ.

ಮೋವಾಬಿನ ಸುತ್ತಲಿನ ಹಳದಿ ನೆಲದಲ್ಲಿ ನಾನು ಮೊದಲು ಹೇಳುವ ಹೆಸರು ಕರೋನಾ ಆರ್ಚ್. ಪೊಟ್ಯಾಷ್ ರಸ್ತೆ ಎಂದು ಕರೆಯುವ 279ನೇ ಹೆದ್ದಾರಿಯಲ್ಲಿ ಕೊಲರಾಡೋ ನದಿಯ ದಂಡೆ ಹಿಡಿದು ಹೋದರೆ ಕಾರು ನಿಲ್ಲಿಸುವ ಜಾಗ ಬರುತ್ತದೆ. ಅಲ್ಲಿಂದ ರೈಲು ಹಳಿ ದಾಟಿ ಬಂಡೆಯ ಮೇಲೆ ಒಂದೂವರೆ ಮೈಲಿ ನಡಿಗೆ. ಕಡಿದಾದ ಕಡೆ ಹಿಡಿದುಕೊಳ್ಳಲು ಉಕ್ಕಿನ ಕೇಬಲ್ ಬಿಗಿದಿದ್ದಾರೆ, ಒಂದೆಡೆ ಚಿಕ್ಕ ಏಣಿ ಇದೆ. ಕಮಾನಿನ ಅಗಲ ಸುಮಾರು 140 ಅಡಿ, ಎತ್ತರ 105 ಅಡಿ. ಡೆಲಿಕೇಟ್ ಆರ್ಚ್ ಮುಂದೆ ಫೋಟೊಕ್ಕೆ ಸರದಿ ಕಾಯಬೇಕು, ಇಲ್ಲಿ ಕಮಾನಿನ ಕೆಳಗೇ ಚಾಪೆ ಹಾಸಿ ಬುತ್ತಿ ಬಿಚ್ಚಬಹುದು. ಮೊಣಕಾಲು ನೋವಿರುವ ಹಿರಿಯರನ್ನು ಮೊದಲ ಕೇಬಲ್ಲಿನ ತನಕ ಕರೆದೊಯ್ದು ನೆರಳು ಸಿಕ್ಕಲ್ಲಿ ಕೂರಿಸಿ.

ಅದೇ ರಸ್ತೆಯಲ್ಲಿ ವಾಲ್ ಸ್ಟ್ರೀಟ್ ಎಂಬ ಜಾಗವಿದೆ. ಡಾಂಬರಿನ ಅಂಚಿಗೇ ಗೋಡೆಯಂತೆ ಬಂಡೆ ಎದ್ದಿದ್ದು, ಕಾರಿನಿಂದ ಇಳಿದ ಕೂಡಲೇ ಹಗ್ಗ ಕಟ್ಟಿ ಹತ್ತುವವರು ಕಾಣುತ್ತಾರೆ. ಬಾದಾಮಿಯಲ್ಲಿ ಬಂಡೆ ಹತ್ತಿದವರಿಗೆ ಮರಳುಗಲ್ಲಿನ ಹಿಡಿತ ಕೈಗೆ ಪರಿಚಿತವೆನಿಸೀತು. ಆದರೆ ಇಲ್ಲಿಯ ಕಲ್ಲು ಮೆತ್ತಗಿನದು, ಮಳೆ ನೀರು ಹೀರಿದರೆ ಹಿಡಿದ ಅಂಚು ಕಿತ್ತು ಕೈಗೇ ಬರುತ್ತದೆ. ಮಳೆ ಬಿದ್ದ ಮೇಲೆ ಒಂದೆರಡು ದಿನ ಹತ್ತಬಾರದೆಂಬುದು ಅಲ್ಲಿನ ಹತ್ತುವವರ ಕಟ್ಟುನಿಟ್ಟು.

ಊರಿನ ಇನ್ನೊಂದು ಬದಿಗೆ 128ನೇ ಹೆದ್ದಾರಿ. ನನ್ನ ಮಟ್ಟಿಗೆ ಪಾರ್ಕಿನೊಳಗಿನ ಯಾವ ರಸ್ತೆಗೂ ಇದು ಕಡಿಮೆಯಲ್ಲ. ಒಂದು ಪಕ್ಕ ನದಿ, ಎರಡೂ ಪಕ್ಕ ಕೆಂಪು ಗೋಡೆ, ನಡುನಡುವೆ ನದಿಯ ದಂಡೆಯಲ್ಲೇ ಬಿಎಲ್‌ಎಂ ಕ್ಯಾಂಪ್‌ಗ್ರೌಂಡುಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಮೊದಲು ಬಂದವರಿಗೆ ಜಾಗ. ಏಪ್ರಿಲ್, ಅಕ್ಟೋಬರ್‌ನ ಶುಕ್ರವಾರ ಸಂಜೆ ಹೋದರೆ ಒಂದೂ ಖಾಲಿ ಇರುವುದಿಲ್ಲ. ಗುರುವಾರ ಬೆಳಿಗ್ಗೆ ಹೋಗಿ. ಇದೇ ದಾರಿಯಲ್ಲಿ ಗ್ರ್ಯಾಂಡ್‌ಸ್ಟಾಫ್ ಕಣಿವೆ. 1870ರ ದಶಕದ ಕೊನೆಯಲ್ಲಿ ಇಲ್ಲಿ ದನ ಮೇಯಿಸುತ್ತಿದ್ದ ವಿಲಿಯಂ ಗ್ರ್ಯಾಂಡ್‌ಸ್ಟಾಫ್ ಎಂಬಾತನ ಹೆಸರು. ಕಣಿವೆಗೆ ಅಂಟಿದ್ದ, ಅವನ ಬಣ್ಣವನ್ನು ಹಂಗಿಸುವ ಹಳೆಯ ಹೆಸರನ್ನು 2017ರಲ್ಲಿ ಅಧಿಕೃತವಾಗಿ ಕೈಬಿಟ್ಟರು. ವರ್ಷವಿಡೀ ಹರಿಯುವ ಸಣ್ಣ ತೊರೆಯನ್ನು ಮತ್ತೆ ಮತ್ತೆ ದಾಟುತ್ತ ನಡೆದರೆ ಕೊನೆಯಲ್ಲಿ 243 ಅಡಿ ಹರಹಿನ ಮಾರ್ನಿಂಗ್ ಗ್ಲೋರಿ ಎಂಬ ಕಲ್ಲಿನ ಸೇತುವೆ. ಅದರ ಬುಡದಲ್ಲಿ ಮೂರು ಮೂರು ಎಲೆಯ ಹಸಿರು ಗಿಡ ದಟ್ಟವಾಗಿ ಬೆಳೆದಿರುತ್ತದೆ. ಬಿಲ್ವಪತ್ರೆ ಎಂದು ಯಾರಾದರೂ ಕೈ ಹಾಕುವ ಮುನ್ನ ತಡೆಯಿರಿ, ಅದು ಪಾಯ್ಸನ್ ಐವಿ. ಮುಟ್ಟಿದರೆ ವಾರಗಟ್ಟಲೆ ತುರಿಕೆ, ಗುಳ್ಳೆ.

ನಡೆಯಲಾಗದವರಿಗೆ ನದಿಯೇ ಒಳ್ಳೆಯದು. ಹಿಟಲ್ ಬಾಟಮ್‌ನಿಂದ ಕೆಳಗೆ ಸುಮಾರು 13 ಮೈಲಿ ರಾಫ್ಟಿನಲ್ಲಿ ತೇಲುವ ಒಂದು ದಿನದ ಪಯಣಕ್ಕೆ ಮೋವಾಬಿನಲ್ಲಿ ಹಲವು ಏಜೆನ್ಸಿಗಳಿವೆ. ನೀರು ಅಲ್ಲಲ್ಲಿ ಕುಣಿಸುತ್ತದೆಯೇ ಹೊರತು ಹೆದರಿಸುವುದಿಲ್ಲ. ಹಿಮ ಕರಗುವ ಮೇ ಕೊನೆ, ಜೂನ್‌ನಲ್ಲಿ ಮಾತ್ರ ಹರಿವು ಜೋರು. ಲೈಫ್ ಜಾಕೆಟ್ಟಿನ ಬಕಲ್ ಬಿಗಿದಿದೆಯೇ ಎಂದು ನೀವೇ ಎಳೆದು ನೋಡಿ.

ಇನ್ನು ಎಲ್ಲರೂ ಕೇಳುವ ಸ್ಲಾಟ್ ಕಣಿವೆಗಳ ವಿಷಯ. ಬಾದಾಮಿಯಲ್ಲಿ ಮ್ಯೂಸಿಯಮ್ಮಿನ ಪಕ್ಕದಿಂದ ಮೇಲಿನ ಶಿವಾಲಯಕ್ಕೆ ಹತ್ತುವಾಗ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಸಾಗುತ್ತೇವಲ್ಲ, ಅಂಥ ಸಂದು ಮೈಲಿಗಟ್ಟಲೆ ಉದ್ದಕ್ಕೆ ಬೆಳೆದರೆ ಅದು ಸ್ಲಾಟ್ ಕಣಿವೆ. ಫೋಟೊಗಳಲ್ಲಿ ಪ್ರಸಿದ್ಧವಾದ ಆಂಟಿಲೋಪ್ ಕಣಿವೆ ಹಳದಿಯಲ್ಲ, ಕಿತ್ತಳೆ. ಅದು ನವಾಹೋ ಜನರ ನೆಲ, ಅವರ ಗೈಡ್ ಇಲ್ಲದೆ ಒಳಗೆ ಹೋಗುವಂತಿಲ್ಲ, ಸರಕಾರದ ಪಾರ್ಕ್ ಪಾಸ್ ಅಲ್ಲಿ ನಡೆಯುವುದಿಲ್ಲ. ಇನ್ನೊಂದು ಸಣ್ಣ ತೊಡಕು: ಆ ಕಣಿವೆಯಿರುವ ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ, ನವಾಹೋ ಸೀಮೆ ಇಡುತ್ತದೆ. ಗೈಡ್ ಹೇಳಿದ ಸಮಯ ಯಾರ ಗಡಿಯಾರದ್ದೆಂದು ಕೇಳಿಕೊಳ್ಳದೆ ಒಂದು ಗಂಟೆ ತಪ್ಪಿಸಿಕೊಂಡವರು ನನ್ನ ಗೆಳೆಯರಲ್ಲೇ ಇಬ್ಬರಿದ್ದಾರೆ.

ಕುಟುಂಬ ಸಮೇತ ಹೋಗಬಹುದಾದ ಹಳದಿ ನೆಲದ ಸ್ಲಾಟ್ ಎಂದರೆ ಸ್ಯಾನ್ ರಫೇಲ್ ಸ್ವೆಲ್ ಎಂಬ ಗುಡ್ಡಸೀಮೆಯ ಲಿಟಲ್ ವೈಲ್ಡ್ ಹಾರ್ಸ್ ಕಣಿವೆ. ಹತ್ತಿರದಲ್ಲೇ ಗಾಬ್ಲಿನ್ ವ್ಯಾಲಿ ಎಂಬ ರಾಜ್ಯದ ಪಾರ್ಕ್ ಇದೆ, ಮಕ್ಕಳಿಗೆ ಅಲ್ಲಿನ ಅಣಬೆಯಂಥ ಕಲ್ಲುಗಳು ಇಷ್ಟವಾಗುತ್ತವೆ. ಬೆಲ್ ಕಣಿವೆಯನ್ನೂ ಸೇರಿಸಿ ಸುತ್ತು ಹೊಡೆದರೆ ಸುಮಾರು ಎಂಟು ಮೈಲಿ. ಆದರೆ ಇಕ್ಕಟ್ಟಿನ ರುಚಿ ನೋಡಲು ಅಷ್ಟು ನಡೆಯಬೇಕಿಲ್ಲ, ಹೋದ ದಾರಿಯಲ್ಲೇ ಮರಳಬಹುದು.

ಅವ್ವ ಅಪ್ಪ ಬಂದ ವರ್ಷ ಅಲ್ಲಿಗೆ ಹೋಗಿದ್ದೆವು. ಒಣ ಮರಳಿನ ಹಾಸಿನಲ್ಲಿ ನಡೆದು ಗೋಡೆಗಳು ಹತ್ತಿರವಾಗುವಲ್ಲಿಗೆ ಬಂದಾಗ ಅವ್ವ ನಿಂತಳು. ನಾನು ಬಂಡೆಯ ಬಣ್ಣ ತೋರಿಸುತ್ತಿದ್ದರೆ ಅವಳು ನೋಡುತ್ತಿದ್ದದ್ದು ಬೇರೆ. ತಲೆಯ ಮೇಲೆ ಎರಡಾಳೆತ್ತರದಲ್ಲಿ, ಎರಡು ಗೋಡೆಗಳ ನಡುವೆ ಒಂದು ಮರದ ದಿಮ್ಮಿ ಅಡ್ಡ ಸಿಕ್ಕಿಕೊಂಡಿತ್ತು. ಸುತ್ತಮುತ್ತ ಅಂಥ ಮರವಿರುವ ಗುರುತೇ ಇಲ್ಲ.

"ಇದನ್ನ ಅಲ್ಲಿ ಯಾರ ಇಟ್ಟಾರೋ?" ಎಂದಳು. ಯಾರೂ ಇಟ್ಟಿಲ್ಲ, ನೀರು ತಂದದ್ದು ಎಂದೆ. "ಅಂದ್ರ ಇದು ಹಳ್ಳ ಆತಲ್ಲೋ ತಮ್ಮಾ. ಮ್ಯಾಲ ಎಲ್ಲರೆ ಮಳಿ ಆಗಿ ಹಳ್ಳ ಬಂದ್ರ ಎಲ್ಲಿ ಹತ್ತಾವ್ರು?"

ನಾನು ಓದಿದ ಯಾವ ಗೈಡ್ ಪುಸ್ತಕವೂ ಇಷ್ಟು ಚೊಕ್ಕವಾಗಿ ಕೇಳಿರಲಿಲ್ಲ. ಅಲ್ಲಿನವರು 'ವಾಶ್' ಎನ್ನುವ ಮರಳಿನ ಹಾಸಿಗೆ ನಮ್ಮ ಸೀಮೆಯಲ್ಲಿ ಹಳ್ಳ ಎಂಬ ಹೆಸರಿದೆ, ಬಿಸಿಲಲ್ಲಿ ನಿಂತವನ ಕಡೆಗೆ ಎಲ್ಲಿಯದೋ ಮಳೆಯ ನೀರು ನುಗ್ಗುವುದಕ್ಕೆ 'ಹಳ್ಳ ಬಂತು' ಎಂಬ ಮಾತಿದೆ. 1997ರ ಆಗಸ್ಟ್ 12ರಂದು ಲೋವರ್ ಆಂಟಿಲೋಪ್ ಕಣಿವೆಯಲ್ಲಿ ಆದದ್ದೂ ಅದೇ. ಗುಡುಗು ಮಳೆ ಸುರಿದದ್ದು ಮೈಲಿಗಳಾಚೆ. 11 ಪ್ರವಾಸಿಗರು ತೀರಿಕೊಂಡರು. 2015ರ ಸೆಪ್ಟೆಂಬರ್ 14ರಂದು ಜಾಯನ್ ಪಾರ್ಕಿನ ಕೀಹೋಲ್ ಕಣಿವೆಯಲ್ಲಿ ಏಳು ಜನ ಹೋದರು. ಜುಲೈಯಿಂದ ಸೆಪ್ಟೆಂಬರ್ ತನಕದ ಮಧ್ಯಾಹ್ನಗಳು ಇಲ್ಲಿ ಇಂಥ ಮಳೆಗೆ ಹೆಸರಾದವು. ಆದ್ದರಿಂದ ನೋಡಬೇಕಾದ್ದು ತಲೆಯ ಮೇಲಿನ ಆಕಾಶವನ್ನಲ್ಲ, ಆ ಕಣಿವೆಗೆ ನೀರು ಹರಿದುಬರುವ ಇಡೀ ಸೀಮೆಯ ಮುನ್ಸೂಚನೆಯನ್ನು. ನ್ಯಾಷನಲ್ ವೆದರ್ ಸರ್ವಿಸ್ ಈ ಭಾಗದ ಹಠಾತ್ ಪ್ರವಾಹದ ಸಾಧ್ಯತೆಯನ್ನು ದಿನದಿನವೂ ಹೇಳುತ್ತದೆ. ಬಿಎಲ್‌ಎಂ ಕಚೇರಿಗೆ ಫೋನ್ ಮಾಡಿದರೆ ಕಣಿವೆಯ ಸ್ಥಿತಿಯನ್ನೂ ತಿಳಿಸುತ್ತಾರೆ. ಅನುಮಾನವಿದ್ದರೆ ಹೋಗಬೇಡಿ. ಒಳಗಿದ್ದಾಗ ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಗಾಳಿಯಿಲ್ಲದೆ ಮೊರೆತ ಕೇಳಿಸಿದರೆ, ಚೀಲ ಬಿಟ್ಟು ಎತ್ತರಕ್ಕೆ ಹತ್ತಿ. ಅವ್ವ ಅಂದು ಒಳಗೆ ಬರಲಿಲ್ಲ. ನಾವು ಹೋಗಿ ಬರುವಷ್ಟರಲ್ಲಿ ದಂಡೆಯ ಮೇಲಿನ ಜೂನಿಪರ್ ಮರದ ನೆರಳಲ್ಲಿ ಕೂತು ಅರ್ಧ ಡಬ್ಬಿ ಚೂಡಾ ಮುಗಿಸಿದ್ದಳು.

'ದಿ ವೇವ್' ಬಗ್ಗೆ ಒಂದೆರಡು ಮಾತು. ಯೂಟಾ, ಅರಿಜೋನಾ ಗಡಿಯ ಕೊಯೋಟಿ ಬ್ಯೂಟ್ಸ್ ನಾರ್ತ್‌ನಲ್ಲಿರುವ ಈ ಅಲೆಯಲೆಯ ಬಂಡೆಗೆ ದಿನಕ್ಕೆ ಬಿಡುವುದು 64 ಜನರನ್ನು ಮಾತ್ರ, ಅದೂ ಲಾಟರಿ ಎತ್ತಿ. 48 ಜಾಗಕ್ಕೆ ನಾಲ್ಕು ತಿಂಗಳು ಮುಂಚೆ ಅರ್ಜಿ ಹಾಕಬೇಕು, ಉಳಿದ 16ಕ್ಕೆ ಆ ಸೀಮೆಯಲ್ಲೇ ಇದ್ದು ಫೋನಿನಿಂದ ಎರಡು ದಿನ ಮುಂಚೆ. ಹೋಗಿಬರಲು ಆರು ಮೈಲಿಗಿಂತ ಹೆಚ್ಚು, ಗುರುತು ಹಾಕಿದ ದಾರಿಯಿಲ್ಲ, ನೆರಳಂತೂ ಇಲ್ಲವೇ ಇಲ್ಲ. ಬಿಸಿಲಿಗೆ ಅಲ್ಲಿ ಸತ್ತವರಿದ್ದಾರೆ. ಅರ್ಜಿ ಹಾಕಿ, ಬಂದರೆ ಪುಣ್ಯ. ಆದರೆ ಅದನ್ನೇ ನಂಬಿ ವಿಮಾನದ ಟಿಕೆಟ್ ತೆಗೆಯಬೇಡಿ. ಎಸ್ಕಲಾಂಟೆ ಊರಿನ ಸುತ್ತ, 1996ರಲ್ಲಿ ಘೋಷಣೆಯಾದ ಗ್ರ್ಯಾಂಡ್ ಸ್ಟೇರ್‌ಕೇಸ್ ಮಾನ್ಯುಮೆಂಟ್ ಎಂಬ ಸಂರಕ್ಷಿತ ನೆಲದಲ್ಲಿ, ಲಾಟರಿಯಿಲ್ಲದೆ ನೋಡುವಂಥದ್ದು ಒಂದು ವಾರಕ್ಕಾಗುವಷ್ಟಿದೆ. ಲೋವರ್ ಕಾಫ್ ಕ್ರೀಕ್‌ನ 126 ಅಡಿ ಜಲಪಾತ ಮರಳುಗಾಡಿನ ನಡುವೆ ತಣ್ಣಗೆ ಸುರಿಯುವುದನ್ನು ಕಂಡರೆ ವೇವ್ ಮರೆತೇ ಹೋದೀತು.

ರಸ್ತೆಯ ಪಾಠ ನಾನು ಕಲಿತದ್ದು ದುಡ್ಡು ಕೊಟ್ಟು. ಒಂದು ಅಕ್ಟೋಬರ್ ರಾತ್ರಿ ಮಣ್ಣಿನ ರಸ್ತೆಯ ಬದಿಯಲ್ಲಿ ಟೆಂಟ್ ಹಾಕಿದ್ದೆವು. ಹತ್ತು ನಿಮಿಷದ ಮಳೆ, ಅಷ್ಟೇ. ಬೆಳಿಗ್ಗೆ ಬಾಡಿಗೆ ಕಾರು ಹತ್ತು ಮಾರು ಹೋಗುವಷ್ಟರಲ್ಲಿ ನಾಲ್ಕು ಚಕ್ರಕ್ಕೂ ಬೂದುಬಣ್ಣದ ಕೆಸರು ಸುತ್ತಿ ಗಾಲಿಗಳು ಮುದ್ದೆಯಾದವು. ಬ್ರೇಕ್ ಹಾಕದೆಯೇ ಕಾರು ಪಕ್ಕಕ್ಕೆ ಜಾರಿತು. ನಾನು ಎಕ್ಸಲರೇಟರ್ ಒತ್ತುವುದನ್ನು ನೋಡಿ ಅಪ್ಪ ಬಾಗಿಲು ತೆಗೆದು ಇಳಿದರು. ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ಉಜ್ಜಿದರು. "ಎರಿ ಇದು. ಬಿಸಲ ಬೀಳಲಿ, ಒಣಗತೈತಿ. ಸುಮ್ಮ ಕುಂಡ್ರು." ಮಧ್ಯಾಹ್ನ ಒಂದು ಗಂಟೆಗೆ ರಸ್ತೆ ಒಣಗಿತು, ಏನೂ ಆಗದವರಂತೆ ಹೊರಟೆವು. ಅಪ್ಪ ಹೇಳಿದ್ದು ಸರಿಯೇ. ಅಲ್ಲಿನವರು ಬೆಂಟೋನೈಟ್ ಎನ್ನುವ ಆ ಜೇಡಿಯೂ ನಮ್ಮ ಎರೆಮಣ್ಣಿನ ಜೇಡಿಯೂ ನೀರು ಕುಡಿದು ಉಬ್ಬುವ ಒಂದೇ ಮನೆತನದವು. ವೇವ್‌ಗೆ ಹೋಗುವ ಹೌಸ್ ರಾಕ್ ವ್ಯಾಲಿ ರಸ್ತೆಯದೂ ಇದೇ ಗುಣ. ಫೋರ್ ವೀಲ್ ಡ್ರೈವ್ ಇದ್ದರೂ ಪ್ರಯೋಜನವಿಲ್ಲ. ದುಡ್ಡು ಹೋದದ್ದು ಆಮೇಲೆ. ಡಾಂಬರಿಲ್ಲದ ರಸ್ತೆಗೆ ಒಯ್ಯಬಾರದೆಂದು ಬಾಡಿಗೆ ಕರಾರಿನ ಸಣ್ಣಕ್ಷರದಲ್ಲಿ ಇತ್ತಂತೆ, ನಾನು ಓದಿರಲಿಲ್ಲ. ನೀವು ಓದಿ. ಅಂಥ ಷರತ್ತಿದ್ದರೆ ಡಾಂಬರಿನ ಪಕ್ಕದ ಜಾಗಗಳಿಗಷ್ಟೇ ಹೋಗಿ, ಇಲ್ಲವೇ ಮೋವಾಬಿನಲ್ಲಿ ಜೀಪ್ ಬಾಡಿಗೆಗೆ ತೆಗೆದುಕೊಳ್ಳಿ.

ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ಕಾರಿನಲ್ಲಿ ಅದರ ಮೇಲೆ ಒಂದು ದಿನದ್ದು ಹೆಚ್ಚು. ಬರೀ ನೀರು ಕುಡಿಯುತ್ತಲೇ ಹೋದರೆ ರಕ್ತದ ಉಪ್ಪು ಇಳಿದು ತಲೆಸುತ್ತು, ವಾಂತಿ ಶುರುವಾಗುತ್ತದೆ, ನೋಡಿದವರು ಬಿಸಿಲು ಬಡಿದಿದೆ ಎಂದು ಇನ್ನಷ್ಟು ನೀರು ಕುಡಿಸುತ್ತಾರೆ. ನಿಂಬೆಹಣ್ಣು, ಉಪ್ಪು, ಬೆಲ್ಲದ ಪಾನಕ ಒಂದು ಬಾಟಲಿ ಇರಲಿ, ಜೊತೆಗೆ ಉಪ್ಪು ಖಾರದ ತಿಂಡಿ. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗೆ ಬರೆದು ಕಳಿಸಿ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ.

ರೊಕ್ಕದ ಲೆಕ್ಕ ಈಚೆಗೆ ಬದಲಾಗಿದೆ. 2026ರ ಜನವರಿಯಿಂದ ಪಾರ್ಕುಗಳ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250 ಡಾಲರ್. ಅದಲ್ಲದೆ ಗ್ರ್ಯಾಂಡ್ ಕ್ಯಾನ್ಯನ್, ಜಾಯನ್, ಬ್ರೈಸ್ ಕ್ಯಾನ್ಯನ್ ಸೇರಿ 11 ಪಾರ್ಕುಗಳಲ್ಲಿ ವಾರ್ಷಿಕ ಪಾಸಿಲ್ಲದ ಹೊರದೇಶದವರಿಗೆ, 16 ವರ್ಷ ತುಂಬಿದ್ದರೆ, ತಲೆಗೆ 100 ಡಾಲರ್ ಹೆಚ್ಚುವರಿ. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಆ ಪಟ್ಟಿಯಲ್ಲಿಲ್ಲ. ಊರಿಂದ ಬಂದ ಅತ್ತೆ ಮಾವನನ್ನೂ ಅಪ್ಪ ಅಮ್ಮನನ್ನೂ ಒಟ್ಟಿಗೆ ಕರೆದೊಯ್ಯುವವರಿಗೆ ಇದು ಸಣ್ಣ ಮೊತ್ತವಲ್ಲ. ಕರೋನಾ ಆರ್ಚ್, ಗ್ರ್ಯಾಂಡ್‌ಸ್ಟಾಫ್, ಲಿಟಲ್ ವೈಲ್ಡ್ ಹಾರ್ಸ್‌ಗಳಲ್ಲಿ ಪಾಸ್‌ಪೋರ್ಟ್ ಕೇಳುವವರೇ ಇಲ್ಲ. ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ, ಹೊರಡುವ ವಾರ ಆಯಾ ಜಾಗದ ಸರಕಾರಿ ವೆಬ್‌ಸೈಟ್ ನೋಡಿಕೊಳ್ಳಿ.

ಹಳದಿ ನೆಲದ ಬಹುಭಾಗದಲ್ಲಿ ಟೆಂಟ್ ಹಾಕಲು ಯಾರ ಅನುಮತಿಯೂ ಬೇಡ, ಒಂದೆಡೆ 14 ದಿನ ಇರಬಹುದು. ಮೋವಾಬಿನ ಹತ್ತಿರ ಮಾತ್ರ ಜನ ಹೆಚ್ಚಾಗಿ ನಿಗದಿಯಾದ ಜಾಗಗಳಿಗೇ ಸೀಮಿತಗೊಳಿಸಿದ್ದಾರೆ. ಮೊದಲೇ ಯಾರೋ ಟೆಂಟ್ ಹಾಕಿ ಗಟ್ಟಿಯಾದ ನೆಲವನ್ನೇ ಆರಿಸಿ. ಕಾರಣ ನೋಡಬೇಕೆಂದರೆ ದಾರಿ ಪಕ್ಕದಲ್ಲಿ ಮಂಡಿಯೂರಿ ಕೂತು ನೋಡಿ. ಪೊದೆಗಳ ನಡುವಿನ ಮಣ್ಣು ಹೆಂಚಿಗೆ ಹತ್ತಿ ಕರಕಲಾದ ರೊಟ್ಟಿಯ ಹಾಗೆ ಕಪ್ಪಗೆ, ಗುಬುಟುಗುಬುಟಾಗಿ ಇರುತ್ತದೆ. ಅದು ಸುಮ್ಮನೆ ಮಣ್ಣಲ್ಲ. ಕಣ್ಣಿಗೆ ಕಾಣದ ನೀಲಿ-ಹಸಿರು ಪಾಚಿಯ ನೂಲುಗಳು ಮರಳಿನ ಕಣಗಳನ್ನು ಹೊಲಿದು ಹಿಡಿದಿರುತ್ತವೆ. ಮಣ್ಣಿಗೆ ಸಾರಜನಕ ಊಡುವುದು, ಗಾಳಿಗೆ ಹಾರದಂತೆ ತಡೆಯುವುದು ಅವೇ. ಮೇಲೆ ಒಂದು ಹೆಜ್ಜೆ ಇಟ್ಟರೆ ಪುಡಿ, ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಬಂಡೆಯ ಮೇಲೆ ನಡೆಯಿರಿ, ಮರಳ ಹಳ್ಳದಲ್ಲಿ ನಡೆಯಿರಿ, ಈ ಕಪ್ಪಿನ ಮೇಲೆ ಮಾತ್ರ ಬೇಡ.

ಮುಜುಗರದ ವಿಷಯವೊಂದು ಉಳಿಯಿತು. ಮೋವಾಬ್ ಸುತ್ತ ಬಯಲಲ್ಲಿ ಟೆಂಟ್ ಹಾಕುವವರು ಮಲವನ್ನೂ ವಾಪಸ್ ಒಯ್ಯಬೇಕು. ಅದಕ್ಕೆಂದೇ ವ್ಯಾಗ್ ಬ್ಯಾಗ್ ಎಂಬ ಚೀಲ ಊರಿನ ಅಂಗಡಿಗಳಲ್ಲಿ ಸಿಗುತ್ತದೆ, ಒಳಗಿನ ಪುಡಿ ತೇವವನ್ನೂ ವಾಸನೆಯನ್ನೂ ಹಿಡಿದಿಡುತ್ತದೆ. ಮಳೆ ಕಡಿಮೆಯಾದ ಈ ಮಣ್ಣಿನಲ್ಲಿ ಹೂತದ್ದು ಬೇಗ ಕೊಳೆಯುವುದಿಲ್ಲ. ಮಗ ದುಡಿಯುವ ದೇಶಕ್ಕೆ ಬಂದು ಇದನ್ನೂ ಹೊರಬೇಕೇ ಎಂದು ಅಪ್ಪ ಮೊದಲ ದಿನ ಸಿಟ್ಟಾದರು, ಎರಡನೆಯ ದಿನ ಚೀಲ ಸಾಕಾಗುತ್ತವೆಯೇ ಎಂದು ಅವರೇ ಎಣಿಸಿದರು.

ಹಳೆಯ ಮಡಕೆ ಚೂರು, ಬಾಣದ ಮೊನೆ ಕಂಡರೆ ನೋಡಿ, ಅಲ್ಲೇ ಬಿಡಿ. ಒಯ್ಯುವುದು ಕಾನೂನಿನ ಪ್ರಕಾರ ಅಪರಾಧ, ದಂಡವೂ ಜೈಲೂ ಇದೆ. ಪಾರ್ಕುಗಳಲ್ಲಿ ಬರೀ ಕಲ್ಲನ್ನೂ ಎತ್ತುವಂತಿಲ್ಲ. ಆದರೆ ಮಾನ್ಯುಮೆಂಟ್, ಕ್ಯಾಂಪ್‌ಗ್ರೌಂಡ್ ಅಲ್ಲದ ಸಾಮಾನ್ಯ ಬಿಎಲ್‌ಎಂ ನೆಲದಲ್ಲಿ ಮನೆಗೆಂದು ಒಂದೆರಡು ಕಲ್ಲು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಕೊನೆಯ ದಿನ ಬೆಳಿಗ್ಗೆ ಟೆಂಟ್ ಮಡಚುವಾಗ ಅವ್ವ ಸೆರಗಿನಲ್ಲಿ ಏನೋ ಮುಚ್ಚಿಟ್ಟುಕೊಂಡು ಬಂದಳು. ಕೋಳಿಮೊಟ್ಟೆಯಷ್ಟು ದೊಡ್ಡ, ನುಣ್ಣನೆಯ ಕೆಂಪು ಕಲ್ಲು. ನಾನು ಫೋನ್ ತೆಗೆದು ನಕ್ಷೆ ನೋಡಿದೆ.

"ಯಾವ ಬಣ್ಣದಾಗ ಅದೀವೋ?" ಎಂದಳು.

"ಹಳದಿ."

ಕಲ್ಲನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ಚೂಡಾದ ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.